ಸಮಕಾಲೀನ ಕಲೆಯ ಕ್ಯುರೇಟರ್, ಮ್ಯೂಸಿಯಂ ನಿರ್ದೇಶಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಾಶಾಲೆಯ ವಿದ್ಯಾರ್ಥಿಗಳು, ಮೊದಲ ಪ್ರದರ್ಶನಕ್ಕೆ ಕೈಹಾಕಿದವರು, ಸಣ್ಣ ಮ್ಯೂಸಿಯಂ ನಡೆಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಶುರುವಿನ ಪ್ರಶ್ನೆಗಳು

ಕ್ಯುರೇಟರ್ ಅಂದ್ರೆ ಚೆನ್ನಾಗಿರೋ ಚಿತ್ರ ಆರಿಸಿ ಗೋಡೆಗೆ ಹಾಕೋರು, ಅಷ್ಟೇ ತಾನೆ?

ಆರಿಸುವುದು ಈ ಕೆಲಸದ ಸಣ್ಣ ಪಾಲು. ಯಾವ ಕೃತಿಯ ಪಕ್ಕ ಯಾವುದು ಇರಬೇಕು, ಯಾಕೆ ಇರಬೇಕು ಎಂದು ಬರೆದು ಸಮರ್ಥಿಸಬೇಕು. ಕೃತಿ ಯಾರ ಬಳಿ ಇದೆ ಎಂದು ಹುಡುಕಿ ಎರವಲು ಕೇಳಬೇಕು. ಒಪ್ಪಂದ, ವಿಮೆ, ಸಾಗಣೆ, ಕೃತಿಯ ಪಕ್ಕ ಹಾಕುವ ವಿವರದ ಗೋಡೆಬರಹ, ಕ್ಯಾಟಲಾಗ್, ಪ್ರದರ್ಶನ ಮುಗಿದ ಮೇಲೆ ಪ್ರತಿ ಕೃತಿಯೂ ಬಂದಂತೆಯೇ ಮರಳಿತೇ ಎಂಬ ಲೆಕ್ಕ, ಎಲ್ಲವೂ ಕ್ಯುರೇಟರ್ ತಲೆಯ ಮೇಲೆಯೇ. ದಿನದ ಹೆಚ್ಚು ಹೊತ್ತು ಇಮೇಲ್, ಎಕ್ಸೆಲ್ ಶೀಟು, ಅಳತೆಪಟ್ಟಿಗಳ ಜೊತೆ ಕಳೆಯುತ್ತದೆ. ಈ ಕಾಗದಪತ್ರದ ಕೆಲಸವನ್ನು ಕೀಳಾಗಿ ಕಾಣುವವರಿಂದ ಕಲಾವಿದರಿಗೇ ನಷ್ಟ. ಕೃತಿ ಹಾಳಾದಾಗ ಹೊಣೆ ಯಾರದು ಎಂಬ ಜಗಳವೂ, ಬರಬೇಕಾದ ದುಡ್ಡು ಬಾರದೆ ಉಳಿಯುವುದೂ ಬಹುಪಾಲು ಬರೆದಿಡದ ಮಾತಿನಿಂದಲೇ ಆಗುವಂಥದ್ದು.

ಗ್ಯಾಲರಿಯಲ್ಲೂ ಕ್ಯುರೇಟರ್, ಮ್ಯೂಸಿಯಂನಲ್ಲೂ ಕ್ಯುರೇಟರ್, ಬಿಯೆನಾಲೆಯಲ್ಲೂ ಕ್ಯುರೇಟರ್. ಕೆಲಸ ಒಂದೇನಾ?

ಹೆಸರು ಒಂದೇ, ಹೊಣೆ ಬೇರೆ. ಖಾಸಗಿ ಗ್ಯಾಲರಿ ನಡೆಯುವುದು ಮಾರಾಟದಿಂದ. ಅಲ್ಲಿ ಪ್ರದರ್ಶನ ಎಷ್ಟೇ ಗಂಭೀರವಾಗಿದ್ದರೂ ಬೆಲೆಪಟ್ಟಿ ಹಿಂದೆ ಇದ್ದೇ ಇರುತ್ತದೆ. ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಂಥ ಕಡೆ, ಅಥವಾ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಮ್ಯೂಸಿಯಂನಲ್ಲಿ, ಮೊದಲ ಹೊಣೆ ಸಂಗ್ರಹದ್ದು. ನೀವು ನಿವೃತ್ತರಾದ ಮೇಲೂ ಆ ಕೃತಿಗಳು ಅಲ್ಲೇ ಇರುತ್ತವೆ. ಬಿಯೆನಾಲೆಗೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾಪ್ರದರ್ಶನಕ್ಕೆ, ಸಾಮಾನ್ಯವಾಗಿ ಸ್ವಂತ ಸಂಗ್ರಹ ಇರುವುದಿಲ್ಲ, ಕೆಲವೊಮ್ಮೆ ಸರಿಯಾದ ಕಟ್ಟಡವೂ ಇರುವುದಿಲ್ಲ. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಹಳೆಯ ಗೋದಾಮುಗಳಲ್ಲಿ ನಡೆಯುತ್ತ ಬಂದಿದೆ. ಅದರ ಕ್ಯುರೇಟರ್‌ಗಳು ಹೆಚ್ಚಾಗಿ ಕಲಾವಿದರೇ. 2016ರ ಆವೃತ್ತಿಯನ್ನು ರೂಪಿಸಿದ ಸುದರ್ಶನ್ ಶೆಟ್ಟಿ ಹುಟ್ಟಿದ್ದು ಮಂಗಳೂರಿನಲ್ಲಿ.

ಯಾವ ಕೋರ್ಸ್ ಮಾಡ್ಬೇಕು? ದಿಲ್ಲಿಗೆ ಹೋಗಲೇಬೇಕಾ?

ಸಂಗ್ರಹ ನೋಡಿಕೊಳ್ಳುವ ಕಡೆ ಒಲವಿದ್ದರೆ ಮ್ಯೂಸಿಯಾಲಜಿ, ಅಂದರೆ ಮ್ಯೂಸಿಯಂ ಶಾಸ್ತ್ರ. ಬರೋಡದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಈ ವಿಭಾಗ 1952ರಿಂದ ಇದೆ. ದಿಲ್ಲಿಯಲ್ಲಿದ್ದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೊಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನೊಳಗೆ ಸೇರಿದೆ. ಅಲ್ಲಿ ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರನ್ನೂ ಕಲಿಸುತ್ತಾರೆ. ಪ್ರದರ್ಶನ ಕಟ್ಟುವ, ಬರೆಯುವ ಕಡೆ ಒಲವಿದ್ದರೆ ಕಲಾ ಇತಿಹಾಸ. ಅದನ್ನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೇ ಓದಬಹುದು.

ಕೋರ್ಸಿನ ಜೊತೆಜೊತೆಗೇ ಮಾಡಬೇಕಾದದ್ದು ಎರಡಿದೆ. ಒಂದು, ಯಾವುದಾದರೂ ಜಾಗದಲ್ಲಿ ಕೃತಿ ಇಳಿಸುವ, ತೂಗುಹಾಕುವ ತಂಡದೊಂದಿಗೆ ಕೈಜೋಡಿಸುವುದು. ಶಾಂತಿನಗರದ ಒನ್ ಶಾಂತಿರೋಡ್‌ನಂಥ, ಕಲಾವಿದರೇ ನಡೆಸುವ ಜಾಗಗಳಲ್ಲಿ ಹೊಸಬರಿಗೆ ಇಂಥ ಕಲಿಕೆ ಸಿಗುತ್ತದೆ. ಎರಡು, ಕೊಚ್ಚಿ ಬಿಯೆನಾಲೆಯ ಜೊತೆಗೆ ನಡೆಯುವ ಸ್ಟೂಡೆಂಟ್ಸ್ ಬಿಯೆನಾಲೆ ಕಿರಿಯ ಕ್ಯುರೇಟರ್‌ಗಳನ್ನು ಕರೆದಾಗ ಅರ್ಜಿ ಹಾಕುವುದು. ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನ ಅನುದಾನಗಳ ಮೇಲೂ ಕಣ್ಣಿಡಿ. ಅದಕ್ಕೆ ಕನ್ನಡದಲ್ಲೂ ಅರ್ಜಿ ಬರೆಯಬಹುದು.

ನಾನು ಓದಿದ್ದು ಬೇರೆ ವಿಷಯ. ಕಲಾ ಇತಿಹಾಸದ ಡಿಗ್ರಿ ಇಲ್ಲದೆ ಮೇಲೆ ಬಂದವರು ಇದ್ದಾರಾ?

ಇದ್ದಾರೆ, ಅದೂ ತುತ್ತತುದಿಯಲ್ಲಿ. ಕ್ಯುರೇಟರ್ ಓಕ್ವಿ ಎನ್ವೆಜೋರ್ ಅವರ ದಾರಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 1963ರಲ್ಲಿ ನೈಜೀರಿಯಾದ ಕಲಬಾರ್‌ನಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಹೋಗಿ ಓದಿದ್ದು ರಾಜ್ಯಶಾಸ್ತ್ರ. ನ್ಯೂಯಾರ್ಕ್‌ನ ಮ್ಯೂಸಿಯಂಗಳಲ್ಲಿ ಆಫ್ರಿಕಾದ ಸಮಕಾಲೀನ ಕಲೆ ಕಾಣಿಸದೆ ಇದ್ದಾಗ, 1994ರಲ್ಲಿ ಗೆಳೆಯರೊಂದಿಗೆ ಅದಕ್ಕೆಂದೇ ‘ಎನ್ಕಾ’ ಎಂಬ ಪತ್ರಿಕೆ ಶುರು ಮಾಡಿದರು. ಎರಡು ವರ್ಷದಲ್ಲಿ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ಆಫ್ರಿಕಾದ ಛಾಯಾಚಿತ್ರಕಾರರ ಪ್ರದರ್ಶನ ರೂಪಿಸಿದ ತಂಡದಲ್ಲಿದ್ದರು. 1997ರಲ್ಲಿ ಜೊಹಾನೆಸ್‌ಬರ್ಗ್ ಬಿಯೆನಾಲೆ. 2002ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆಯುವ ಡಾಕ್ಯುಮೆಂಟಾ ಎಂಬ ದೊಡ್ಡ ಕಲಾಪ್ರದರ್ಶನದ ಹನ್ನೊಂದನೇ ಆವೃತ್ತಿಗೆ ನಿರ್ದೇಶಕ. ಆ ಸ್ಥಾನಕ್ಕೆ ಬಂದ ಯುರೋಪಿನಾಚೆಯ ಮೊದಲಿಗರು ಅವರೇ. ಕಾಸೆಲ್‌ನ ಪ್ರದರ್ಶನವನ್ನು ಅವರು ಐದು ವೇದಿಕೆಗಳಲ್ಲಿ ಕೊನೆಯದು ಎಂದು ಕರೆದು, ಅದಕ್ಕೂ ಮೊದಲು ವಿಯೆನ್ನಾ-ಬರ್ಲಿನ್ (ಎರಡೂ ಸೇರಿ ಒಂದೇ ವೇದಿಕೆ), ದಿಲ್ಲಿ, ಸೇಂಟ್ ಲೂಸಿಯಾ, ಲಾಗೋಸ್‌ಗಳಲ್ಲಿ ಚರ್ಚೆ ನಡೆಸಿದರು. 2001ರಲ್ಲಿ ದಿಲ್ಲಿಯಲ್ಲಿ ಮಾತಾಗಿದ್ದು ಸತ್ಯಶೋಧನೆ ಮತ್ತು ನ್ಯಾಯದ ಬಗ್ಗೆ. ಭಾರತದ ಅಮರ್ ಕನ್ವರ್, ರಕ್ಸ್ ಮೀಡಿಯಾ ಕಲೆಕ್ಟಿವ್, ರವಿ ಅಗರ್ವಾಲ್ ಅವರ ಕೃತಿಗಳು ಕಾಸೆಲ್‌ಗೆ ಹೋದವು. 2011ರಲ್ಲಿ ಮ್ಯೂನಿಕ್‌ನ ಕಲಾಸಂಸ್ಥೆ ಹೌಸ್ ಡೆರ್ ಕುನ್‌ಸ್ಟ್‌ನ ನಿರ್ದೇಶಕರಾದರು, 2015ರಲ್ಲಿ ವೆನಿಸ್ ಬಿಯೆನಾಲೆ ನಡೆಸಿದರು. ಮ್ಯೂನಿಕ್‌ನ ಸಂಸ್ಥೆ ಹಣದ ಮುಗ್ಗಟ್ಟಿನಲ್ಲಿದ್ದಾಗ, 2018ರಲ್ಲಿ, ಅನಾರೋಗ್ಯದಿಂದ ಹುದ್ದೆ ಬಿಟ್ಟರು. 2019ರ ಮಾರ್ಚ್‌ನಲ್ಲಿ ತೀರಿಕೊಂಡರು.

ಇದರಲ್ಲಿ ಗಮನಿಸಬೇಕಾದ್ದು ಪತ್ರಿಕೆಯ ವಿಷಯ. ಕೆಲಸ ಕೊಡುವವರು ಸಿಗುವ ಮೊದಲೇ ಅವರು ಬರೆಯುತ್ತ, ಬರೆಸುತ್ತ, ಒಂದು ಖಂಡದ ಕಲಾವಿದರ ಸಂಪರ್ಕ ಕೂಡಿಸಿಕೊಂಡಿದ್ದರು. ಡಿಗ್ರಿ ಇಲ್ಲದವರಿಗೆ ಇದೇ ದಾರಿ: ಬೇರೆಯವರು ನೋಡದ ಒಂದು ಕ್ಷೇತ್ರವನ್ನು ಹಿಡಿದು, ಅದರ ಬಗ್ಗೆ ಬಿಡದೆ ಬರೆಯುವುದು. ಉತ್ತರ ಕರ್ನಾಟಕದ ಕಲಾಶಾಲೆಗಳ ಇತಿಹಾಸ, ಕರಾವಳಿಯ ಸ್ಟುಡಿಯೋ ಛಾಯಾಗ್ರಹಣ, ಇವೆಲ್ಲ ಇನ್ನೂ ಬೆಳಕಿಗೆ ಬರಬೇಕಾದ ವಿಷಯಗಳು. ಒಂದು ಮಾತು ಮಾತ್ರ ನೆನಪಿರಲಿ. ಸರ್ಕಾರಿ ಹುದ್ದೆಗೆ ನಿಯಮಾವಳಿಯಲ್ಲಿ ಹೇಳಿದ ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಅರ್ಜಿ ಮೊದಲ ಸುತ್ತಿನಲ್ಲೇ ಬೀಳುತ್ತದೆ.

ಗೋಡೆಬರಹ ಕನ್ನಡದಲ್ಲಿ ಹಾಕೋದು ಕಷ್ಟ ಅಂತಾರೆ. ನಿಜಾನಾ?

ಕಷ್ಟವೇನಿಲ್ಲ, ಕೊನೆಯ ವಾರಕ್ಕೆ ಬಿಟ್ಟರೆ ಕೆಡುತ್ತದೆ. ಇಂಗ್ಲಿಷ್ ಬರಹ ಸಿದ್ಧವಾದ ಮೇಲೆ ಅನುವಾದಕ್ಕೆ ಕಳಿಸುವ ಪದ್ಧತಿಯಿಂದಲೇ ಯಾರಿಗೂ ಅರ್ಥವಾಗದ ಫಲಕಗಳು ಹುಟ್ಟುತ್ತವೆ. ಕನ್ನಡದ ಬರಹವನ್ನು ಕನ್ನಡದಲ್ಲೇ ಮೊದಲು ಬರೆಯಿರಿ. ಒಂದು ಕೃತಿಗೆ 50ರಿಂದ 60 ಪದ ಸಾಕು.

ತಾಂತ್ರಿಕವಾಗಿ ಮೂರು ಕಡೆ ಎಡವಟ್ಟಾಗುತ್ತದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಪ್ರಿಂಟರ್‌ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳಬಹುದು. ಹಾಗಾಗಿ ಎಲ್ಲವೂ ಯುನಿಕೋಡ್‌ನಲ್ಲೇ ಇರಲಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಂತರ ಕೊಡಿ, ಗಾತ್ರ 20 ಪಾಯಿಂಟ್‌ಗಿಂತ ಕಡಿಮೆ ಬೇಡ. ಅಚ್ಚಿಗೆ ಕೊಡುವ ಮೊದಲು ಪಿಡಿಎಫ್‌ ಅನ್ನು ಕನ್ನಡ ಓದಬಲ್ಲವರು ಕಾಗದದ ಮೇಲೆ ತೆಗೆದು ನೋಡಲೇಬೇಕು.

## ಪ್ರದರ್ಶನದ ಕೆಲಸ

ಮೊದಲ ಸಲ ಗ್ರೂಪ್ ಶೋ ಮಾಡ್ತಿದ್ದೀನಿ. ಎಷ್ಟು ತಿಂಗಳು ಮುಂಚೆ ಶುರು ಮಾಡ್ಲಿ?

ಕೃತಿಗಳು ಬೇರೆಯವರ ಸಂಗ್ರಹದಿಂದ ಬರಬೇಕಿದ್ದರೆ ಒಂದು ವರ್ಷ. ಎಲ್ಲವೂ ಕಲಾವಿದರ ಸ್ಟುಡಿಯೋದಿಂದಲೇ ಬಂದರೆ ಆರು ತಿಂಗಳಲ್ಲಿ ಆಗುತ್ತದೆ. ಒಂದು ವರ್ಷದ ಲೆಕ್ಕ ಹೀಗೆ: ಹನ್ನೆರಡು ತಿಂಗಳು ಉಳಿದಿರುವಾಗ ಎರಡು ಪುಟದ ಟಿಪ್ಪಣಿ ಮತ್ತು ಜಾಗದ ಒಪ್ಪಿಗೆ. ಒಂಬತ್ತು ಉಳಿದಿರುವಾಗ ಕೃತಿಗಳ ಪಟ್ಟಿ, ಎರವಲು ಕೋರಿ ಪತ್ರ. ಸಂಸ್ಥೆಗಳು ಉತ್ತರಿಸಲು ಮೂರು ತಿಂಗಳು ತೆಗೆದುಕೊಳ್ಳುವುದು ಮಾಮೂಲು. ಆರು ಉಳಿದಿರುವಾಗ ಬಜೆಟ್ ಗಟ್ಟಿ ಮಾಡಿ, ವಿಮೆ ಮತ್ತು ಸಾಗಣೆಗೆ ದರ ತರಿಸಿ. ಮೂರು ಉಳಿದಿರುವಾಗ ಗೋಡೆಗೋಡೆಯ ನಕ್ಷೆ ಮತ್ತು ಬರಹ ಮುಗಿದಿರಬೇಕು. ಗೋಡೆಗೆ ಬಣ್ಣ ಹೊಡೆಸುವುದು ಕೃತಿ ಬರುವುದಕ್ಕೆ ಒಂದು ವಾರ ಮೊದಲೇ ಮುಗಿಯಲಿ. ಹಸಿ ಬಣ್ಣದ ಆವಿಯೂ ತೇವವೂ ಕಾಗದಕ್ಕೆ ಒಳ್ಳೆಯದಲ್ಲ. ತೂಗುಹಾಕಲು ಏಳರಿಂದ ಹತ್ತು ದಿನ, ಅದರಲ್ಲಿ ಕೊನೆಯ ಎರಡು ದಿನ ಬೆಳಕಿಗೇ ಮೀಸಲು.

ಬಜೆಟ್‌ನಲ್ಲಿ ಎಲ್ಲರೂ ಮರೆಯುವುದು ವಾಪಸ್ ಸಾಗಣೆಯ ಖರ್ಚು, ಗೋಡೆ ಮೊದಲಿನಂತೆ ಮಾಡಿಕೊಡುವ ಖರ್ಚು ಮತ್ತು ಕಲಾವಿದರ ಸಂಭಾವನೆ. ಮೂರನೆಯದನ್ನು ಮರೆಯುವುದಕ್ಕೆ ಯಾವ ಕಾರಣವೂ ಸಲ್ಲದು. ಬಡಗಿಗೆ, ಎಲೆಕ್ಟ್ರಿಷಿಯನ್‌ಗೆ, ಊಟದವರಿಗೆ ದುಡ್ಡು ಕೊಟ್ಟು ಕಲಾವಿದರಿಗೆ ‘ಪ್ರಚಾರ ಸಿಗುತ್ತಲ್ಲ’ ಎನ್ನುವುದು ಅನ್ಯಾಯ. ಒಟ್ಟು ಮೊತ್ತದ ಶೇ. 10ರಷ್ಟನ್ನು ಅನಿರೀಕ್ಷಿತ ಖರ್ಚಿಗೆ ಎತ್ತಿಡಿ.

ಸ್ವತಂತ್ರ ಕ್ಯುರೇಟರ್ ಆದರೆ ಫೀಸ್ ಹೇಗೆ ಕೇಳೋದು?

ಕೆಲಸ ಶುರುವಾಗುವ ಮೊದಲು, ಬರಹದಲ್ಲಿ, ಮೂರು ಕಂತಿನಲ್ಲಿ. ಒಪ್ಪಂದಕ್ಕೆ ಸಹಿ ಬಿದ್ದಾಗ ಶೇ. 30, ಕೃತಿಪಟ್ಟಿ ಮತ್ತು ನಕ್ಷೆ ಒಪ್ಪಿಸಿದಾಗ 40, ಉದ್ಘಾಟನೆಯ ದಿನ 30. ‘ಪ್ರದರ್ಶನ ಮುಗಿದ ಮೇಲೆ’ ಎಂದು ಬರೆದ ಕಂತು ತಿಂಗಳುಗಟ್ಟಲೆ ಜಾರುತ್ತದೆ. ಪ್ರದರ್ಶನ ರದ್ದಾದರೆ ಎಷ್ಟು ಸಿಗಬೇಕು, ಕ್ಯಾಟಲಾಗ್ ಬರಹಕ್ಕೆ ಬೇರೆ ಸಂಭಾವನೆ ಉಂಟೇ, ಪ್ರಯಾಣ ಯಾರ ಖರ್ಚು ಎಂಬುದೂ ಅದೇ ಕಾಗದದಲ್ಲಿರಲಿ.

ಚಿತ್ರ ಎಷ್ಟು ಎತ್ತರಕ್ಕೆ ಹಾಕ್ಬೇಕು? ಪ್ರತಿ ಸಲ ಮೊಳೆ ತಪ್ಪು ಜಾಗಕ್ಕೆ ಬೀಳುತ್ತೆ.

ಚಿತ್ರದ ನಡುಭಾಗ ನೆಲದಿಂದ 145ರಿಂದ 150 ಸೆಂ.ಮೀ. ಎತ್ತರಕ್ಕೆ ಬರಬೇಕು. ಮೊಳೆಯ ಜಾಗ ಕಣ್ಣಂದಾಜಿನಲ್ಲಿ ಗುರುತಿಸಬೇಡಿ. ಫ್ರೇಮಿನ ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆಳೆದು, ಬಿಗಿಯಾದ ತುದಿಯಿಂದ ಫ್ರೇಮಿನ ಮೇಲಂಚಿಗೆ ಎಷ್ಟಿದೆ ಅಳೆಯಿರಿ. ಚಿತ್ರದ ಎತ್ತರ 90 ಸೆಂ.ಮೀ., ತಂತಿಯ ಅಂತರ 12 ಸೆಂ.ಮೀ. ಎಂದಿಟ್ಟುಕೊಳ್ಳಿ. 145ಕ್ಕೆ ಎತ್ತರದ ಅರ್ಧ 45 ಕೂಡಿಸಿ, 12 ಕಳೆಯಿರಿ. ಮೊಳೆ 178 ಸೆಂ.ಮೀ.ಗೆ. ಅಗಲದ ಕೃತಿಗೆ ಒಂದು ಮೊಳೆ ಸಾಲದು, ಎರಡು ಹಾಕಿದರೆ ಓಲಾಡುವುದಿಲ್ಲ.

ಬೆಳಕು, ತೇವಾಂಶ ಎಷ್ಟಿರ್ಬೇಕು? ನಮ್ದು ಉಡುಪಿ ಕಡೆ, ಮಳೆಗಾಲ ಕೇಳೋದೇ ಬೇಡ.

ಕಾಗದದ ಮೇಲಿನ ಕೆಲಸ, ಜಲವರ್ಣ, ಬಟ್ಟೆ, ಛಾಯಾಚಿತ್ರಗಳಿಗೆ 50 ಲಕ್ಸ್ (ಬೆಳಕಿನ ಅಳತೆ). ತೈಲವರ್ಣ, ಅಕ್ರಿಲಿಕ್‌ಗೆ 200 ಲಕ್ಸ್. ಬೆಳಕಿನ ಹಾನಿ ಕೂಡುತ್ತ ಹೋಗುತ್ತದೆ, ವಾಸಿಯಾಗುವುದಿಲ್ಲ. 50 ಲಕ್ಸ್‌ನಲ್ಲಿ ದಿನಕ್ಕೆ ಎಂಟು ತಾಸಿನಂತೆ 90 ದಿನ ಇಟ್ಟರೆ 36,000 ಲಕ್ಸ್-ತಾಸು. ಅದೇ ಜಲವರ್ಣವನ್ನು 200 ಲಕ್ಸ್‌ನಲ್ಲಿಟ್ಟರೆ 1,44,000. ಲಕ್ಸ್ ಮೀಟರ್ ಕೊಳ್ಳಿ, ಮೊಬೈಲ್ ಆ್ಯಪ್ ನಂಬಬೇಡಿ.

ತೇವಾಂಶ ಶೇ. 45ರಿಂದ 55 ಎಂದು ಪುಸ್ತಕ ಹೇಳುತ್ತದೆ. ಕರಾವಳಿಯ ಜುಲೈನಲ್ಲಿ ಹೊರಗಿನ ಗಾಳಿ ಶೇ. 90ರ ಹತ್ತಿರ ಇರುವಾಗ, ಸಣ್ಣ ಸಂಸ್ಥೆಗೆ ಆ ಅಂಕಿ ಹಿಡಿದಿಡುವುದು ಆಗದು. ಅದಕ್ಕಿಂತ ಮುಖ್ಯ, ಏರಿಳಿತ ತಡೆಯುವುದು. ಹಗಲು ಎ.ಸಿ. ಹಾಕಿ ಸಂಜೆ ಆರಿಸುವುದೇ ದೊಡ್ಡ ತಪ್ಪು: ಮರದ ಚೌಕಟ್ಟು ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿ, ಬಣ್ಣದ ಪದರ ಬಿರುಕು ಬಿಟ್ಟು ಉದುರಲು ತೊಡಗುತ್ತದೆ. ಒಂದೋ ಹಗಲೂ ರಾತ್ರಿ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಓಡಲಿ, ಇಲ್ಲವೇ ಎ.ಸಿ. ಬೇಡವೇ ಬೇಡ, ಫ್ಯಾನ್ ಮತ್ತು ಗಾಳಿಯ ಓಡಾಟ ಸಾಕು. ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಫ್ರೇಮಿನ ಹಿಂಬದಿ ಗೋಡೆಗೆ ಅಂಟದಂತೆ ಕೆಳಗಿನ ಎರಡೂ ಮೂಲೆಗೆ ಕಾರ್ಕ್ ಬಿಲ್ಲೆ ಹಚ್ಚಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಯ ಮೇಲೆ ಕಾಗದದ ಕೃತಿ ಹಾಕದಿರುವುದೇ ಲೇಸು.

ಕಂಡೀಷನ್ ರಿಪೋರ್ಟ್ ಅಂದ್ರೆ ಏನು? ಫೋಟೋ ತೆಗೆದುಕೊಂಡ್ರೆ ಸಾಲ್ದಾ?

ಸಾಲದು. ಕೃತಿ ಹೊರಡುವಾಗ, ತಲುಪಿದಾಗ, ಮರಳಿ ಹೊರಡುವಾಗ, ಮನೆ ಸೇರಿದಾಗ, ನಾಲ್ಕು ಸಲ ಅದರ ಸ್ಥಿತಿಯನ್ನು ಬರೆದು ಸಹಿ ಹಾಕಿಸುವುದು ಇದರ ತಿರುಳು. ಚಿತ್ರದ ಫೋಟೋ ಮೇಲೆ ಪಾರದರ್ಶಕ ಹಾಳೆ ಇಟ್ಟು, ಬಿರುಕು, ಕಲೆ, ತರಚು, ಹುಳು ಕೊರೆದ ತೂತು ಎಲ್ಲೆಲ್ಲಿವೆ ಎಂದು ಗುರುತು ಮಾಡಬೇಕು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೇರ ಬೆಳಕಿನಲ್ಲಿ ಕಾಣದ ಉಬ್ಬುತಗ್ಗು ಎದ್ದು ಕಾಣುತ್ತದೆ. ಹಿಂಬದಿಯನ್ನೂ ನೋಡಿ. ಗೆದ್ದಲಿನ ಮಣ್ಣು, ಹಳೆಯ ಪ್ರದರ್ಶನಗಳ ಚೀಟಿ ಅಲ್ಲೇ ಇರುವುದು. ಬಂದ ಪೆಟ್ಟಿಗೆಯನ್ನು ಕೂಡಲೇ ತೆರೆಯದೆ, 24 ತಾಸು ಗ್ಯಾಲರಿಯ ಗಾಳಿಗೆ ಹೊಂದಿಕೊಳ್ಳಲು ಬಿಡಿ.

ವಿಮೆ ‘ಮೊಳೆಯಿಂದ ಮೊಳೆಗೆ’ ಇರಬೇಕು, ಅಂದರೆ ಮಾಲೀಕರ ಗೋಡೆಯಿಂದ ಇಳಿದ ಕ್ಷಣದಿಂದ ಅದೇ ಗೋಡೆಗೆ ಮರಳುವವರೆಗೆ. ಬೆಲೆಯನ್ನು ಮೊದಲೇ ಎರಡೂ ಕಡೆಯವರು ಒಪ್ಪಿ ಪಾಲಿಸಿಯಲ್ಲಿ ಬರೆಸದಿದ್ದರೆ, ಹಾನಿಯಾದ ಮೇಲೆ ಬೆಲೆಯ ಬಗ್ಗೆಯೇ ವಾದ ಶುರುವಾಗುತ್ತದೆ. ಮೊದಲ ವರದಿ ಇಲ್ಲದಿದ್ದರೆ ಹಾನಿ ಹಳೆಯದೋ ಹೊಸದೋ ಎಂದು ಸಾಬೀತು ಮಾಡಲು ಏನೂ ಉಳಿಯುವುದಿಲ್ಲ.

ಕೃತಿ ಹೊರದೇಶಕ್ಕೆ ಕಳಿಸೋವಾಗ ಎಲ್ಲಿ ಸಿಕ್ಕಿಹಾಕ್ಕೊಳ್ತೀವಿ?

ಕಸ್ಟಮ್ಸ್‌ನಲ್ಲಿ, ಮೂರು ಕಾರಣಕ್ಕೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ. ಜೊತೆಗೆ ರಾಜಾ ರವಿವರ್ಮ, ಅಮೃತಾ ಶೇರ್-ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ನಿಕೊಲಾಯ್ ರೋರಿಕ್, ಠಾಕೂರ್ ಮನೆತನದ ಮೂವರು, ಶೈಲೋಜ್ ಮುಖರ್ಜಿ ಇವರ ಕೃತಿಗಳು ವಯಸ್ಸು ಎಷ್ಟೇ ಇರಲಿ ಕಲಾನಿಧಿಗಳು. ಬೇರೆ ಕೃತಿಗೂ ಅನುಮಾನ ಬಂದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರ ಬೇಕಾಗುತ್ತದೆ. ಹಾಗಾಗಿ ಮೊದಲೇ ಪಡೆದಿಡಿ. ಎರಡನೆಯದು ಎಟಿಎ ಕಾರ್ನೆ. ಪ್ರದರ್ಶನಕ್ಕೆಂದು ಹೋಗಿ ಒಂದು ವರ್ಷದೊಳಗೆ ಮರಳುವ ವಸ್ತುವಿಗೆ ಸುಂಕ ತಪ್ಪಿಸುವ ಈ ಪತ್ರವನ್ನು ನಮ್ಮಲ್ಲಿ ಉದ್ಯಮಿಗಳ ಒಕ್ಕೂಟ ಫಿಕ್ಕಿ ಕೊಡುತ್ತದೆ. ಅಲ್ಲೇ ಕೃತಿ ಮಾರಾಟವಾದರೆ ಸುಂಕ ಕಟ್ಟಬೇಕು. ಮೂರನೆಯದು ಪೆಟ್ಟಿಗೆಯ ಮರ. ತೀರ ಸಣ್ಣದೆನಿಸಿದರೂ ಪೆಟ್ಟಿಗೆಯನ್ನು ಬಂದರಿನಲ್ಲೇ ನಿಲ್ಲಿಸಿಬಿಡುತ್ತದೆ. ಪ್ಲೈವುಡ್‌ಗೆ ವಿನಾಯಿತಿ ಇದ್ದರೂ ಅಂಚಿಗೆ ಹೊಡೆದ ರೀಪುಗಳು ಸಂಸ್ಕರಿಸದ ಇಡಿ ಮರದವಾದರೆ, ಸಾಗಣೆಯ ಮರಕ್ಕಿರುವ ಅಂತರರಾಷ್ಟ್ರೀಯ ಐಎಸ್‌ಪಿಎಂ 15 ನಿಯಮದಂತೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಮುದ್ರೆ ಅವುಗಳ ಮೇಲೆ ಇರಬೇಕು.

## ನಿರ್ದೇಶಕರ ಕೆಲಸ

ಒಳ್ಳೇ ಕ್ಯುರೇಟರ್ ನಿರ್ದೇಶಕರಾದ ಮೇಲೆ ಯಾಕೆ ತಡವರಿಸ್ತಾರೆ?

ಕ್ಯುರೇಟರ್ ಒಂದು ಪ್ರದರ್ಶನದ ಕಾಲದಲ್ಲಿ ಬದುಕುತ್ತಾರೆ, ನಿರ್ದೇಶಕರು ಆರ್ಥಿಕ ವರ್ಷದಲ್ಲಿ. ಸರ್ಕಾರಿ ಸಂಸ್ಥೆಯಾದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅನುದಾನ ಖರ್ಚಾಗದಿದ್ದರೆ ಮರಳಿ ಹೋಗುತ್ತದೆ, ಪ್ರತಿ ದೊಡ್ಡ ಖರ್ಚಿಗೂ ಟೆಂಡರ್. ಟೆಂಡರ್‌ನಲ್ಲಿ ‘ಕಲಾಕೃತಿ ಸಾಗಿಸಿದ ಅನುಭವ’ ಎಂಬ ಷರತ್ತು ಬರೆಯದಿದ್ದರೆ ಮನೆಸಾಮಾನು ಸಾಗಿಸುವವರಿಗೆ ಗುತ್ತಿಗೆ ಹೋಗುತ್ತದೆ. ಖಾಸಗಿಯಾದರೆ ದಾನಿಗಳನ್ನು ಕಾಣುವುದೇ ಅರ್ಧ ಕೆಲಸ. 2013ರ ಕಂಪನಿ ಕಾಯ್ದೆಯ ಏಳನೇ ಪರಿಚ್ಛೇದದಲ್ಲಿ ಕಲೆ, ಸಂಸ್ಕೃತಿ ಸೇರಿರುವುದರಿಂದ ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್ಆರ್) ಹಣ ಕೇಳಬಹುದು.

ಹೊಸದಾಗಿ ಬಂದ ನಿರ್ದೇಶಕರು ಮೊದಲು ಮಾಡಬೇಕಾದದ್ದು ಉಗ್ರಾಣ ನೋಡುವುದು. ದಾಖಲೆ ಪುಸ್ತಕದಿಂದ 50 ನಮೂದು ಆರಿಸಿ ಆ ಕೃತಿಗಳನ್ನು ಹುಡುಕಿ. ಆಮೇಲೆ ಕಪಾಟಿನಿಂದ 50 ಕೃತಿ ಆರಿಸಿ ಅವುಗಳ ನಮೂದು ಹುಡುಕಿ. ಎರಡರಲ್ಲೂ ಸಿಗದ್ದು ಎಷ್ಟು ಎಂಬುದು ಆ ಸಂಸ್ಥೆಯ ಆರೋಗ್ಯದ ಬಗ್ಗೆ ಯಾವ ವಾರ್ಷಿಕ ವರದಿಗಿಂತಲೂ ಹೆಚ್ಚು ಹೇಳುತ್ತದೆ. ಮರುದಿನ ವೈರಿಂಗ್ ನೋಡಿಸಿ. 2016ರ ಏಪ್ರಿಲ್‌ನಲ್ಲಿ ದಿಲ್ಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಮ್ಯೂಸಿಯಂ ಸುಟ್ಟುಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂ ಉರಿದಾಗ ಬೆಂಕಿ ಹೊತ್ತಿದ್ದು ಒಂದು ಎ.ಸಿ. ಘಟಕದಿಂದ ಎಂದು ತನಿಖೆ ಹೇಳಿತು.

ಕಲಾವಿದರು ನಿರ್ದೇಶಕರಾಗಬಹುದಾ, ಆಡಳಿತ ಗೊತ್ತಿರೋರೇ ಬೇಕಾ?

ಭೋಪಾಲದ ಕಲಾಕೇಂದ್ರ ಭಾರತ ಭವನ 1982ರಲ್ಲಿ ತೆರೆದಾಗ ಅದರ ರೂಪಂಕರ್ ಮ್ಯೂಸಿಯಂ ಕಟ್ಟಿದವರು ಚಿತ್ರಕಾರ ಜೆ. ಸ್ವಾಮಿನಾಥನ್. ವಿದ್ಯಾರ್ಥಿಗಳ ತಂಡಗಳನ್ನು ಮಧ್ಯಪ್ರದೇಶದ ಹಳ್ಳಿಗಳಿಗೆ ಕಳಿಸಿ ಕೃತಿ ತರಿಸಿದರು. ಪಾಟನ್‌ಗಢದ ಗೊಂಡ ಯುವಕ ಜನಗಢ ಸಿಂಗ್ ಶ್ಯಾಮ್ ಬೆಳಕಿಗೆ ಬಂದದ್ದು ಹಾಗೆ. ನಗರದ ಕಲಾವಿದರದ್ದನ್ನೂ ಆದಿವಾಸಿಗಳದ್ದನ್ನೂ ಒಂದೇ ಮ್ಯೂಸಿಯಂನಲ್ಲಿ, ಒಂದೇ ಕಾಲದ ಕಲೆಯೆಂದು ಇಟ್ಟರು. ಕಲೆಯ ಮೇಲೆ ಕಣ್ಣಿಲ್ಲದ ಆಡಳಿತಗಾರರಿಂದ ಈ ನಿರ್ಧಾರ ಬರುತ್ತಿರಲಿಲ್ಲ. ಲೆಕ್ಕಪತ್ರಕ್ಕೆ ಒಳ್ಳೆಯ ಉಪನಿರ್ದೇಶಕರನ್ನು ನೇಮಿಸಬಹುದು, ಕಣ್ಣನ್ನು ನೇಮಿಸಲಾಗದು. ಕಲೆಯ ಗಂಧವಿಲ್ಲದವರನ್ನು ವರ್ಗಾವಣೆಯ ಮೇಲೆ ಇಂಥ ಹುದ್ದೆಗೆ ತರುವ ಅಭ್ಯಾಸ ನಿಲ್ಲಬೇಕು.

ವಿಡಿಯೊ, ಇನ್‌ಸ್ಟಲೇಶನ್ ಎಲ್ಲ ಮ್ಯೂಸಿಯಂಗೆ ತಗೋಳ್ಳೋದು ಹೇಗೆ? ಕೈಗೆ ಸಿಗೋದು ಪೆನ್‌ಡ್ರೈವ್ ಒಂದೇ.

ಪೆನ್‌ಡ್ರೈವ್ ಕೃತಿಯಲ್ಲ. ಕೈಗೆ ಬರಬೇಕಾದ್ದು ಕಲಾವಿದರ ಸಹಿಯ ಪ್ರಮಾಣಪತ್ರ, ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಎಂಬ ವಿವರ, ಕುಗ್ಗಿಸದ ಮೂಲ ಕಡತ, ತೋರಿಸಲು ಬೇರೆ ಕಡತ, ಮತ್ತು ಅಳವಡಿಕೆಯ ಕೈಪಿಡಿ. ಕೈಪಿಡಿಯಲ್ಲಿ ಕೋಣೆ ಎಷ್ಟು ಕತ್ತಲಿರಬೇಕು, ಪರದೆಯ ಅಳತೆ, ಧ್ವನಿಯ ಮಟ್ಟ ಎಲ್ಲ ಇರಬೇಕು. ‘ಈ ಪ್ರೊಜೆಕ್ಟರ್ ಮಾದರಿ ನಿಂತುಹೋದರೆ ಏನು ಮಾಡಬಹುದು’ ಎಂದು ಕಲಾವಿದರು ಇರುವಾಗಲೇ ಕೇಳಿ ಬರೆಸಿಕೊಳ್ಳಿ. ಕಡತದ ಮೂರು ಪ್ರತಿ ಇಟ್ಟು ಒಂದನ್ನು ಬೇರೆ ಕಟ್ಟಡದಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ.

ಕೃತಿ ನಮ್ಮದೇ ತಾನೆ, ಕ್ಯಾಲೆಂಡರ್‌ಗೆ ಹಾಕಿದ್ರೆ ಏನಾಗುತ್ತೆ?

ಕೃತಿ ನಿಮ್ಮದು, ಕಾಪಿರೈಟ್ ನಿಮ್ಮದಲ್ಲ. ಬರೆದುಕೊಡದ ಹೊರತು ಅದು ಕಲಾವಿದರ ಬಳಿಯೇ ಇರುತ್ತದೆ, ಅವರು ತೀರಿಕೊಂಡ ಮೇಲೆ 60 ವರ್ಷ ವಾರಸುದಾರರ ಬಳಿ. 1996ರಲ್ಲಿ ತೀರಿಕೊಂಡ ಕೆ.ಕೆ. ಹೆಬ್ಬಾರರ ಚಿತ್ರಗಳಿಗೆ 2056ರ ಕೊನೆಯವರೆಗೆ ಅನುಮತಿ ಬೇಕು.

ಕಾಪಿರೈಟ್ ಕೊಟ್ಟ ಮೇಲೂ ಕಲಾವಿದರಿಗೆ ಉಳಿಯುವ ಹಕ್ಕೊಂದಿದೆ: ತಮ್ಮ ಕೃತಿಯನ್ನು ಹಾಳುಗೆಡವದಂತೆ ಕೇಳುವ ಹಕ್ಕು. ದಿಲ್ಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದಾಗ ಅದು ಹಾಳಾಯಿತು. 2005ರಲ್ಲಿ ದಿಲ್ಲಿ ಹೈಕೋರ್ಟ್ ಕೇಂದ್ರ ಸರ್ಕಾರದಿಂದ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಲು ಹೇಳಿತು. ಕಟ್ಟಡ ನವೀಕರಣಕ್ಕೆ ಸಹಿ ಹಾಕುವ ಪ್ರತಿ ನಿರ್ದೇಶಕರೂ ಈ ತೀರ್ಪು ಓದಿರಬೇಕು.

ಕ್ಯುರೇಟರ್, ನಿರ್ದೇಶಕರು ತಮಗಾಗಿ ಕಲಾಕೃತಿ ಕೊಳ್ಳಬಹುದಾ? ಗೆಳೆಯ ಕಲಾವಿದರು ಉಡುಗೊರೆ ಕೊಟ್ಟರೆ?

ನಿಮ್ಮ ಮ್ಯೂಸಿಯಂ ಸಂಗ್ರಹಿಸುವ ಕ್ಷೇತ್ರದಲ್ಲೇ ನೀವೂ ಕೊಂಡರೆ, ಒಳ್ಳೆಯದು ಮನೆಗೆ ಹೋಯಿತು ಎಂಬ ಅನುಮಾನ ಬಂದೇ ಬರುತ್ತದೆ. ಸಿಬ್ಬಂದಿ ತಮ್ಮ ಸಂಸ್ಥೆಯೊಂದಿಗೆ ಪೈಪೋಟಿಗೆ ಇಳಿಯಬಾರದು ಎಂಬುದು ಅಂತರರಾಷ್ಟ್ರೀಯ ಮ್ಯೂಸಿಯಂ ಮಂಡಳಿ ಐಕಾಮ್‌ನ ನೀತಿಸಂಹಿತೆಯಲ್ಲೂ ಇದೆ. ಸೇರುವ ದಿನವೇ ನಿಮ್ಮ ಬಳಿ ಇರುವ ಕೃತಿಗಳ ಪಟ್ಟಿಯನ್ನು ಆಡಳಿತ ಮಂಡಳಿಗೆ ಕೊಡಿ. ಹುದ್ದೆಯಲ್ಲಿರುವವರೆಗೆ ಹೊಸದಾಗಿ ಕೊಂಡದ್ದನ್ನು ಅದಕ್ಕೆ ಸೇರಿಸುತ್ತ ಹೋಗಿ. ಪ್ರದರ್ಶನಕ್ಕೆ ಆಯ್ಕೆಯಾದ ಕಲಾವಿದರಿಂದ ಉಡುಗೊರೆ ಬಂದರೆ ಸಂಸ್ಥೆಯ ಹೆಸರಿಗೆ ದಾನಪತ್ರ ಬರೆಸಿಕೊಂಡು ದಾಖಲಿಸಿ, ಅದು ಸಾಧ್ಯವಾಗದಿದ್ದರೆ ನಯವಾಗಿ ಮರಳಿಸಿ. ಖರೀದಿ ಸಮಿತಿಯ ಸಭೆಯಲ್ಲಿ ನಿಮಗೆ ಆಪ್ತರ ಕೃತಿ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ.